ಬೆಳಕಿಂಡಿ

ಮನೆಯೊಳಗೆ ಬೆಳಕು ಇಳಿಸಲು ಸೂರಿನಲ್ಲೋ ಗೋಡೆಯ ಮೇಲ್ಭಾಗದಲ್ಲೋ ಬಿಡುವ ಕಿಂಡಿ. ಗವಾಕ್ಷಿ ಎಂದೂ ಹೆಸರು. ಹೆಂಚಿನ ಮನೆಯಲ್ಲಿ ಒಂದು ಗಾಜಿನ ಹೆಂಚೇ ಬೆಳಕಿಂಡಿ: ಅಡುಗೆಮನೆಯ ಹೊಗೆಯಲ್ಲಿ ಬಿಸಿಲುಕೋಲು ಓರೆಯಾಗಿ ಇಳಿದು, ನೆಲದ ಮೇಲೆ ಸರಿಯುತ್ತ ಹೊತ್ತು ತಿಳಿಸುತ್ತದೆ. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ಬೆಳಕನ್ನೇ ಪೂಜೆಯಾಗಿಸಿದ ಇಂಥ ಕಟ್ಟಡ ಅಪರೂಪ. ಬೆಂಗಳೂರಿನದೇ ಭಾಗವಾದ, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಕೆಂಗೇರಿಯಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ; ಸೂರಿನ ಕಿಂಡಿಗೆ ಬೆಳಕು ನೇರ ಇಳಿಯುತ್ತದೆ. ಆದರೆ ಅಲ್ಲಿನ ಉಪನಗರದ 30×40 ಅಡಿಯ ನಿವೇಶನಗಳಲ್ಲಿ ಪಕ್ಕದ ಗೋಡೆ ಒತ್ತಿ ನಿಂತರೆ ಕಿಟಕಿ ಹೆಸರಿಗಷ್ಟೇ. ನಡುಮನೆಗೆ ಮೆಟ್ಟಿಲ ಮೇಲಿನ ಬೆಳಕಿಂಡಿಯೇ ಗತಿ. ಮನೆ ಕಟ್ಟಿಸುವವರು ಸೂರಿಗೆ ಕಾಂಕ್ರೀಟ್ ಮೋಲ್ಡ್ ಹಾಕುವ ಮುನ್ನವೇ ಅದಕ್ಕೆ ಜಾಗ ಬಿಡಿಸಿಕೊಳ್ಳಬೇಕು.