ತಿಥಿ, ತೇದಿ, ತಾರೀಖು

ಬಹುಕಾಲದ ಹಿಂದಿನ ಮಾತು. ಅಮೆರಿಕದಲ್ಲಿ ಓದುತ್ತಿದ್ದ ನನ್ನ ಅಣ್ಣನ ಮಗ ತಾನು 10-9ರಂದು ಊರಿಗೆ ಬರುವುದಾಗಿ ಕಾಗದ ಬರೆದಿದ್ದ. ಪಿರಿಯಾಪಟ್ಟಣದ ಮನೆಯಲ್ಲಿ ಅದನ್ನು ಓದಿ ಹೇಳಿದವನು ನಾನೇ. ಸೆಪ್ಟೆಂಬರ್ ಹತ್ತು ಎಂದೆ. ಅಂದು ಅತ್ತಿಗೆಯವರು ಅಡುಗೆ ಮಾಡಿಟ್ಟು ಬಾಗಿಲಲ್ಲಿ ಕಾದರು. ಮಗ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಒಂದು ತಿಂಗಳ ಕಾಲ ಆ ತಾಯಿ ಪಟ್ಟ ಸಂಕಟ ಹೇಳತೀರದು. ಅಕ್ಟೋಬರ್ ಒಂಬತ್ತರಂದು ಆತ ನಗುನಗುತ್ತ ಬಂದಿಳಿದ. ಅಲ್ಲಿನ ಪದ್ಧತಿಯಂತೆ ತಿಂಗಳನ್ನು ಮೊದಲು ಬರೆದಿದ್ದನಷ್ಟೆ. ಅತ್ತಿಗೆಯವರು, "ಪಕ್ಷ, ತಿಥಿ ಬರೆದಿದ್ದರೆ ನನಗೇ ತಿಳಿಯುತ್ತಿತ್ತಲ್ಲಪ್ಪ" ಎಂದರು. ಆ ಮಾತು ಕನ್ನಡ ಮೇಷ್ಟರಾದ ನನ್ನನ್ನು ಶಾಸನಗಳತ್ತ ತಿರುಗಿಸಿತು.

ಒಂದೇ ಇಂಗ್ಲಿಷನ್ನು ಆಡುವವರಲ್ಲಿ ಈ ಭೇದವೇಕೆ? ಆಂಗ್ಲರು ದಿನವನ್ನು ಮುಂದಿಟ್ಟರು, ಅಮೆರಿಕನ್ನರು ತಿಂಗಳನ್ನು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ನೆತ್ತಿಯ ಮೇಲೆ ಜುಲೈ 4, 1776 ಎಂದೇ ಇದೆ. ಆದರೂ ಆ ಹಬ್ಬವನ್ನು ಅವರು 'ಜುಲೈಯ ನಾಲ್ಕನೆಯ ದಿನ' ಎಂಬ ಕ್ರಮದಲ್ಲಿಯೇ ಕರೆಯುತ್ತಾರೆ! ಇಂಗ್ಲೆಂಡಿನಲ್ಲಿಯೂ ಕಾಲಗಣನೆ ಸ್ಥಿರವಾಗಿರಲಿಲ್ಲ. 1752ರ ಸೆಪ್ಟೆಂಬರ್ 2ರ ಮರುದಿನವನ್ನು ಅಲ್ಲಿ 14 ಎಂದು ಎಣಿಸಿದರು. ಅದಕ್ಕೆ ಮುನ್ನ ಅವರ ವರ್ಷ ಮೊದಲಾಗುತ್ತಿದ್ದುದು ಮಾರ್ಚ್ 25ಕ್ಕೆ.

ನಮ್ಮವರ ದಾರಿಯೇ ಬೇರೆ. ಹುಣಸೂರು, ಹೆಗ್ಗಡದೇವನಕೋಟೆ, ಅಂದಿನ ಎಡತೊರೆ ಎಂದರೆ ಇಂದಿನ ಕೃಷ್ಣರಾಜನಗರ, ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟವಾಗಿ ಹೊರತಂದರು. ಇಂಥ ಶಾಸನಗಳಲ್ಲಿ ಸಾಮಾನ್ಯವಾಗಿ ಮೊದಲು ಶಕವರ್ಷ, ಆಮೇಲೆ ಸಂವತ್ಸರ, ಮಾಸ, ಪಕ್ಷ, ತಿಥಿ, ಕೊನೆಗೆ ವಾರ. ಹಿರಿದರಿಂದ ಕಿರಿದಕ್ಕೆ ಇಳಿಯುವ ಈ ಕ್ರಮದಲ್ಲಿ ಗೊಂದಲಕ್ಕೆ ಎಡೆ ಕಡಿಮೆ. ಅಂಕಿ ಅಳಿಸಿಹೋದರೂ ಸಂವತ್ಸರದ ಹೆಸರು ಸಾಕ್ಷಿ ನುಡಿಯುತ್ತದೆ.

ಓದುವವನು ಮಾತ್ರ ಎಚ್ಚರವಾಗಿರಬೇಕು. ರಕ್ಕಸತಂಗಡಿ ಯುದ್ಧ ನಡೆದದ್ದು 1565ರ ಜನವರಿ 23ರಂದು. 78 ಕಳೆದರೆ ಶಕ 1487 ಬರುತ್ತದೆ, ಅದು ತಪ್ಪು. ಯುಗಾದಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅದು ಶಕ 1486, ರಕ್ತಾಕ್ಷಿ ಸಂವತ್ಸರ. ಜನವರಿಯಿಂದ ಯುಗಾದಿಯವರೆಗೆ 79 ಕಳೆಯಬೇಕು. ಇದನ್ನು ಮರೆತರೆ ಒಬ್ಬ ಅರಸನ ದಾನ ಇನ್ನೊಬ್ಬನ ಲೆಕ್ಕಕ್ಕೆ ಸೇರೀತು. ಟಿಪ್ಪುಸುಲ್ತಾನನಂತೂ ಮೌಲೂದಿ ಶಕೆಯನ್ನು ತಂದು, ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ.

ಮೇಘನಾದ ಸಾಹಾ ಅವರ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22 ನಮ್ಮ ರಾಷ್ಟ್ರೀಯ ಪಂಚಾಂಗದಲ್ಲಿ ಶಕ 1879ರ ಚೈತ್ರ 1 ಆಯಿತು. ಆಕಾಶವಾಣಿಯಲ್ಲಿ ಆ ತೇದಿಯನ್ನು ಕೇಳಿದ್ದೇವೆ. ಮನೆಯ ಲೆಕ್ಕಕ್ಕೆ ಅದು ಇಳಿಯಲಿಲ್ಲ. ಕಚೇರಿಗೆ ತಾರೀಖು, ಹಿರಿಯರ ಶ್ರಾದ್ಧಕ್ಕೆ ತಿಥಿ ಎಂಬುದೇ ನಮ್ಮ ಬಾಳು. ಎರಡೂ ಇರಲಿ. ಆದರೆ ದೂರದಲ್ಲಿರುವ ಮಕ್ಕಳು ತಾಯಿಗೆ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಲಿ. ಕಾಯುವವರಿಗೆ ಒಂದು ತಿಂಗಳೆಂಬುದು ಸಣ್ಣ ಅವಧಿಯಲ್ಲ.