ಉಂಡ ಲೆಕ್ಕ ತೀರಿಸದ ಅತಿಥಿ

ಹೋಟೆಲಿನಲ್ಲಿ ತಿಂದು ಹಣ ಕೊಡದಿದ್ದರೆ ಹಿಟ್ಟು ರುಬ್ಬಬೇಕಾದೀತು ಎಂಬುದು ನಮ್ಮೂರುಗಳ ಹಳೆಯ ಹಾಸ್ಯ. ನಾವೀಗ ನೆಲೆಸಿರುವ ಇಂಗ್ಲೆಂಡಿನಲ್ಲಿ ಈ ವಿಷಯ ನಾಲ್ಕು ಶತಮಾನಗಳಿಂದ ನ್ಯಾಯಾಲಯದ ಮೆಟ್ಟಿಲೇರುತ್ತಲೇ ಇದೆ. ಹಣ ಕೊಡದವನು ಬರಿಯ ಸಾಲಗಾರನೋ, ಅಪರಾಧಿಯೋ?

ಲಂಡನ್ನಿನ ಕ್ರಿಪಲ್‌ಗೇಟ್ ಬಳಿಯ ಪಾನಗೃಹವೊಂದನ್ನು ಆರು ಮಂದಿ ಬಡಗಿಗಳು ಹೊಕ್ಕರು. ಮೊದಲು ಕುಡಿದ ದ್ರಾಕ್ಷಾರಸಕ್ಕೆ ಹಣ ತೆತ್ತರು. ಮತ್ತೆ ತರಿಸಿಕೊಂಡ ದ್ರಾಕ್ಷಾರಸಕ್ಕೂ ರೊಟ್ಟಿಗೂ ಎಂಟು ಪೆನ್ನಿ ಕೊಡಲು ಒಪ್ಪಲಿಲ್ಲ. ಹಾಗಾದರೆ ಅವರು ಒಳಬಂದದ್ದೇ ಅತಿಕ್ರಮಣವೆಂಬ ವಾದವನ್ನು 1610ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಕೊಡಬೇಕಾದುದನ್ನು ಕೊಡದಿದ್ದ ಮಾತ್ರಕ್ಕೆ ಅತಿಕ್ರಮಣವಾಗದೆಂದಿತು.

ವಸತಿಗೃಹದ ಒಡೆಯನು ಸ್ಥಳವಿರುವಾಗ ಪ್ರಯಾಣಿಕನನ್ನು ಸಕಾರಣವಿಲ್ಲದೆ ಹಿಂದಕ್ಕೆ ಕಳುಹಿಸುವಂತಿರಲಿಲ್ಲ. ಪ್ರತಿಯಾಗಿ, ಬಾಕಿ ತೀರುವ ತನಕ ಅತಿಥಿಯ ಪೆಟ್ಟಿಗೆಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವನಿಗಿತ್ತು. ಅತಿಥಿಯನ್ನೇ ಹಿಡಿದಿಡುವಂತಿರಲಿಲ್ಲ. ಬಾಕಿಗಾಗಿ ಅತಿಥಿಯ ಮೈಮೇಲಿನ ಕೋಟನ್ನೇ ಕಳಚಿಕೊಂಡ ಒಡೆಯನೊಬ್ಬನ ಕೃತ್ಯ ಕಾನೂನುಬಾಹಿರವೆಂದು 1838ರಲ್ಲಿ ತೀರ್ಪಾಯಿತು. ಹಿಡಿದಿಟ್ಟ ಸಾಮಾನನ್ನು ಆರು ವಾರ ಕಾದು, ಪತ್ರಿಕೆಯಲ್ಲಿ ಪ್ರಕಟಿಸಿ, ಹರಾಜು ಹಾಕಲು 1878ರ ಕಾಯಿದೆ ಅನುಮತಿಯಿತ್ತಿತು.

ಸೆರೆಮನೆಯ ಮಾತು ಬಂದದ್ದು ವಂಚನೆಯ ಹೆಸರಿನಲ್ಲಿ. ಸಾಲಕ್ಕಾಗಿ ಸೆರೆಯಿಡುವ ಪದ್ಧತಿಯನ್ನು ಬಹುಮಟ್ಟಿಗೆ ಕೊನೆಗಾಣಿಸಿದ 1869ರ ಕಾಯಿದೆಯೇ ವಂಚನೆಯಿಂದ ಸಾಲ ಪಡೆಯುವುದನ್ನು ಅಪರಾಧವಾಗಿಸಿತು. ಜೇಬಿನಲ್ಲಿ ಹಣವಿಲ್ಲದೆ ಊಟ ತರಿಸಿಕೊಂಡವನೊಬ್ಬನ ಶಿಕ್ಷೆಯನ್ನು 1898ರಲ್ಲಿ ಇದರಡಿಯಲ್ಲೇ ಎತ್ತಿಹಿಡಿಯಲಾಯಿತು. ಆದರೆ ತರಿಸುವಾಗ ಕೊಡುವ ಮನಸ್ಸಿದ್ದು, ಉಂಡ ಮೇಲೆ ಬದಲಾದರೆ? ಅಲ್ಲಿ ವಂಚನೆ ಯಾವಾಗ ನಡೆಯಿತು? ಈ ತೊಡಕನ್ನು ಬಿಡಿಸಲು 1978ರ ಕಳವು ಕಾಯಿದೆ ‘ಹಣ ಕೊಡದೆ ಹೊರಟುಹೋಗುವುದು’ ಎಂಬ ಪ್ರತ್ಯೇಕ ಅಪರಾಧವನ್ನೇ ರಚಿಸಿತು. ಗರಿಷ್ಠ ಶಿಕ್ಷೆ ಎರಡು ವರ್ಷ.

ಅದರ ನಿಜವಾದ ಪರೀಕ್ಷೆ ಆಲೆನ್ ಪ್ರಕರಣ. 1983ರ ಜನವರಿಯಲ್ಲಿ ಹೋಟೆಲೊಂದಕ್ಕೆ ಬಂದಿಳಿದ ಅತಿಥಿ ಫೆಬ್ರುವರಿಯಲ್ಲಿ 1,286 ಪೌಂಡುಗಳಷ್ಟು ಬಾಕಿ ಉಳಿಸಿ ಹೊರಟುಹೋದ. ಬಳಿಕ ತಾನೇ ದೂರವಾಣಿಯಲ್ಲಿ ಮಾತಾಡಿ, ಕೈ ಬರಿದಾಗಿದೆ, ಪಾಸ್‌ಪೋರ್ಟನ್ನು ಒತ್ತೆಯಿಡುವೆನೆಂದ. ಹಿಂದಿರುಗಿದಾಗ ಬಂಧನವಾಯಿತು. ಪರದೇಶದಲ್ಲಿ ಪಾಸ್‌ಪೋರ್ಟು ಒತ್ತೆಯಿಡುವುದೆಂದರೇನೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್, ಎಂದೆಂದಿಗೂ ಕೊಡದಿರುವ ಉದ್ದೇಶ ಸಾಬೀತಾಗಬೇಕು, ಸದ್ಯಕ್ಕೆ ಕೊಡಲಾಗದ್ದು ಸಾಲದು ಎಂದಿತು. ವೈದ್ಯವೃತ್ತಿಯ ನಮಗೆ ಈ ಕಷ್ಟ ಪರಿಚಿತ: ಹೊರಗೆ ಕಾಣುವ ಲಕ್ಷಣವೊಂದೇ, ಒಳಗಿನ ಕಾರಣ ಬೇರೆ.

ಅವಧಿ ಮುಗಿದರೂ ಕೋಣೆ ಬಿಡದ ಅತಿಥಿಯ ಸಂಗತಿ ಬೇರೆಯೇ. ಇಂಗ್ಲೆಂಡಿನಲ್ಲಿ ಅವನು ಅತಿಕ್ರಮಿಯಾದರೂ, ಸಾಮಾನ್ಯವಾಗಿ ಅದು ಸಿವಿಲ್ ವಿಷಯ. ಆದರೆ ಬ್ರಿಟಿಷರೇ ಭಾರತಕ್ಕೆ ಬರೆದುಕೊಟ್ಟ 1860ರ ದಂಡಸಂಹಿತೆಯಲ್ಲಿ, ನ್ಯಾಯವಾಗಿ ಒಳಹೊಕ್ಕವನು ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಅಕ್ರಮವಾಗಿ ಅಲ್ಲೇ ಉಳಿದರೆ ಅದೂ ಅಪರಾಧವಾಗಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಲ್ಲಿ ಆ ನಿಯಮ ಹಾಗೆಯೇ ಮುಂದುವರಿದಿದೆ.