ಕನಿಷ್ಠ ನೆರವಿನ ಲೆಕ್ಕ ಮತ್ತು ಸಂವಿಧಾನ: ಕುವೈತ್‌ನ ಸ್ಥಿತಿಗತಿ

ಬಡವರಿಗೆ ಸರ್ಕಾರ ಕೊಡುವ ಕನಿಷ್ಠ ನೆರವಿನ ಮೊತ್ತವನ್ನು ನ್ಯಾಯಾಲಯ ನಿಗದಿ ಮಾಡುವುದಿಲ್ಲ. ಆ ಮೊತ್ತ ಯಾವ ಲೆಕ್ಕದಿಂದ ಬಂತು ಎಂದು ಅದು ಕೇಳಬಹುದು. ಈ ನಿಲುವು ಗಟ್ಟಿಯಾಗಲು ಅರ್ಧ ಶತಮಾನ ಹಿಡಿಯಿತು. ಜಪಾನಿನಲ್ಲಿ 1957ರಲ್ಲಿ ಅಸಾಹಿ ಎಂಬ ಕ್ಷಯರೋಗಿ, ಒಳರೋಗಿಯ ದಿನಬಳಕೆಗೆಂದು ತಿಂಗಳಿಗೆ ಗೊತ್ತುಮಾಡಿದ್ದ 600 ಯೆನ್ ಸಾಲದು ಎಂದು ದಾವೆ ಹೂಡಿದರು. ಸರ್ಕಾರದ ಪಟ್ಟಿಯ ಪ್ರಕಾರ ಒಂದು ಬನಿಯನ್ ಎರಡು ವರ್ಷ ಬಾಳಬೇಕಿತ್ತು, ಒಂದು ಚಡ್ಡಿ ಒಂದು ವರ್ಷ. 1960ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಅವರು ತೀರಿಕೊಂಡ ಮೇಲೆ, 1967ರಲ್ಲಿ, ಸುಪ್ರೀಂ ಕೋರ್ಟ್ ಪ್ರಕರಣ ಮುಗಿಯಿತೆಂದು ಹೇಳಿ, ಮೊತ್ತದ ನಿಗದಿ ಸಚಿವರ ವಿವೇಚನೆಗೆ ಬಿಟ್ಟದ್ದು ಎಂಬ ಮಾತನ್ನೂ ಸೇರಿಸಿತು.

ಇಂಥ ವಿವೇಚನೆಗೆ ಅಂಕುಶ ಹಾಕಿದ್ದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ. 2010ರ ಫೆಬ್ರವರಿ 9ರಂದು ಅದು ‘ಹಾರ್ಟ್ಸ್ 4’ ಎಂಬ ನಿರುದ್ಯೋಗ ನೆರವಿನ ಲೆಕ್ಕವನ್ನೇ ಬಿಚ್ಚಿ ನೋಡಿತು. ಕಡಿಮೆ ವರಮಾನದವರ ಖರ್ಚಿನ ಸಮೀಕ್ಷೆಯಿಂದ ಮೊತ್ತ ತೆಗೆಯುವಾಗ ತುಪ್ಪಳದ ಉಡುಪು, ಗ್ಲೈಡರ್ ವಿಮಾನ ಇಂಥವು ಅನಗತ್ಯವೆಂದು ಒಂದಿಷ್ಟು ಕಡಿತ ಮಾಡಲಾಗಿತ್ತು. ಆ ಬಡ ಕುಟುಂಬಗಳು ಅಂಥದ್ದಕ್ಕೆ ಖರ್ಚು ಮಾಡಿದ್ದವೇ ಎಂದು ಯಾರೂ ನೋಡಿರಲಿಲ್ಲ. ಚಿಕ್ಕ ಮಕ್ಕಳ ಪಾಲು ವಯಸ್ಕರ ಶೇ 60 ಎಂದು ಸುಮ್ಮನೆ ಬರೆಯಲಾಗಿತ್ತು. ಮಕ್ಕಳಿಗೆ ಏನು ಬೇಕೆಂದು ವಿಚಾರಿಸಿರಲಿಲ್ಲ. ಮೊತ್ತ ಕಣ್ಣಿಗೆ ರಾಚುವಷ್ಟು ಕಡಿಮೆಯೇನಲ್ಲ, ಆದರೆ ಲೆಕ್ಕಕ್ಕೆ ಬುಡವಿಲ್ಲ ಎಂದಿತು ನ್ಯಾಯಾಲಯ. 2012ರ ಜುಲೈ 18ರಂದು ಇದೇ ಅಳತೆಯನ್ನು ಆಶ್ರಯ ಕೋರಿ ಬಂದ ವಿದೇಶಿಯರಿಗೂ ಅದು ಅನ್ವಯಿಸಿತು. ವಲಸೆಗಾರರನ್ನು ದೂರವಿಡಲೆಂದು ನೆರವನ್ನು ಇಳಿಸುವಂತಿಲ್ಲ, ಮನುಷ್ಯನ ಘನತೆಗೆ ಪೌರತ್ವದ ಷರತ್ತಿಲ್ಲ ಎಂಬುದು ಆ ತೀರ್ಪಿನ ಸಾರ.

ಕುವೈತ್ ಈ ದಾರಿಯಲ್ಲಿ ಅರ್ಧದಷ್ಟೇ ಬಂದಿದೆ. 1962ರ ಸಂವಿಧಾನದ 11ನೇ ವಿಧಿ ಮುಪ್ಪು, ಕಾಯಿಲೆ, ದುಡಿಯಲಾಗದ ಸ್ಥಿತಿಯಲ್ಲಿ ನಾಗರಿಕರಿಗೆ ನೆರವಿನ ಭರವಸೆ ಕೊಡುತ್ತದೆ. ಮೊತ್ತವೆಷ್ಟು, ಲೆಕ್ಕ ಹೇಗೆ ಎಂಬುದು ಅದರಲ್ಲಿಲ್ಲ. ಅದನ್ನು ತುಂಬಿದ್ದು 1976ರ ಸಾಮಾಜಿಕ ವಿಮೆ ಕಾನೂನು, ಸಾರ್ವಜನಿಕ ನೆರವಿನ 1978ರ ಕಾನೂನು ಮತ್ತು ಅದರ ಜಾಗಕ್ಕೆ ಬಂದ 2011ರ ಕಾನೂನು. ವಿಧವೆಯರು, ವಿಚ್ಛೇದಿತೆಯರು, ಅನಾಥರು, ವೃದ್ಧರು, ಕೈದಿಗಳ ಕುಟುಂಬದವರು ಅದರ ಫಲಾನುಭವಿಗಳು.

ಕಾನೂನುಗಳನ್ನು ಪರಿಶೀಲಿಸುವ ಸಾಂವಿಧಾನಿಕ ನ್ಯಾಯಾಲಯ 1973ರ ಕಾನೂನಿನಿಂದ ಬಂತು. ಜನಸಾಮಾನ್ಯರು ನೇರವಾಗಿ ಅದರ ಬಾಗಿಲು ತಟ್ಟಲು 2014ರ ತನಕ ಕಾಯಬೇಕಾಯಿತು. ಆಗಲೂ 5,000 ದಿನಾರ್ ಠೇವಣಿಯ ಷರತ್ತು ಜೊತೆಗೇ ಬಂತು. ನೆರವಿಗಾಗಿ ಕೈಚಾಚಿದವರಿಗೆ ಇದು ತೆರೆದ ಬಾಗಿಲೆನ್ನುವುದು ಕಷ್ಟ. ನ್ಯಾಯಾಲಯ ಹೆಸರು ಗಳಿಸಿದ್ದೂ ಬೇರೆ ವಿಷಯಗಳಲ್ಲಿ: 2009ರಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯುವ ಹೆಣ್ಣುಮಕ್ಕಳ ಹಕ್ಕು, 2017ರಲ್ಲಿ ಎಲ್ಲರ ಡಿಎನ್‌ಎ ಸಂಗ್ರಹಿಸುವ ಕಾನೂನಿನ ರದ್ದು.

11ನೇ ವಿಧಿಯಲ್ಲಿರುವ ‘ನಾಗರಿಕ’ ಎಂಬ ಪದ ನಿವಾಸಿಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನರನ್ನು ಹೊರಗಿಡುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ದುಡಿಯುವವರು ಈ ಹೊರಗಿನವರ ಪೈಕಿ. ಅವರ ಪಾಲಿಗೆ ಕನಿಷ್ಠವೆಂದರೆ ವೇತನವೇ ಹೊರತು ನೆರವಲ್ಲ. ಖಾಸಗಿ ವಲಯದ 2010ರ ಕಾರ್ಮಿಕ ಕಾನೂನಿನ 63ನೇ ವಿಧಿ, ಹಣದುಬ್ಬರ ನೋಡಿಕೊಂಡು ಐದು ವರ್ಷಕ್ಕೊಮ್ಮೆಯಾದರೂ ಕನಿಷ್ಠ ವೇತನ ನಿಗದಿ ಮಾಡಬೇಕೆನ್ನುತ್ತದೆ. 2010ರ 60 ದಿನಾರ್ 75 ಆದದ್ದು 2017ರಲ್ಲಿ. ಮನೆಗೆಲಸದವರು ಆ ಕಾನೂನಿನ ವ್ಯಾಪ್ತಿಗೇ ಬರುವುದಿಲ್ಲ. ಅವರಿಗೆ 2015ರಲ್ಲಿ ಬೇರೆ ಕಾನೂನು, 2016ರಲ್ಲಿ 60 ದಿನಾರ್. ಮೇಲೆ ಹೇಳಿದ ಠೇವಣಿ, 75 ದಿನಾರ್ ದುಡಿಯುವವನ ಐದೂವರೆ ವರ್ಷದ ಸಂಬಳ.

ಇವರ ಕನಿಷ್ಠ ವೇತನದ ಲೆಕ್ಕ ನ್ಯಾಯಾಲಯದ ಮೆಟ್ಟಿಲೇರಿದ್ದು ಭಾರತದಲ್ಲಿ. ಗಲ್ಫ್‌ಗೆ ಹೋಗುವವರಿಗೆ ಇಂತಿಷ್ಟು ಸಂಬಳವಿದ್ದರೆ ಮಾತ್ರ ವಲಸೆ ಅನುಮತಿ ಎಂದು ಭಾರತ ಸರ್ಕಾರ ಕನಿಷ್ಠ ಉಲ್ಲೇಖ ವೇತನ ಗೊತ್ತುಮಾಡಿತ್ತು. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಅದನ್ನು ಇಳಿಸಿ ಕುವೈತ್‌ಗೆ 245 ಡಾಲರ್ ಮಾಡಿತು. ಅದು ಹೆಚ್ಚುಕಡಿಮೆ 75 ದಿನಾರ್. ಅಲ್ಲಿನ ಸಂಖ್ಯೆಯನ್ನೇ ಡಾಲರಿಗೆ ತಿರುಗಿಸಿದಂತಿತ್ತು. ಬಾಡಿಗೆ, ಊಟ, ಊರಿಗೆ ಕಳಿಸುವ ಹಣದ ಲೆಕ್ಕ ಅದರ ಹಿಂದೆ ಕಾಣಲಿಲ್ಲ. ತೆಲಂಗಾಣ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. 2021ರ ಜುಲೈನಲ್ಲಿ ಕೇಂದ್ರ ಹಳೆಯ ದರಕ್ಕೆ ಮರಳಿದ್ದರಿಂದ ಲೆಕ್ಕದ ವಿಧಾನ ಸರಿಯೇ ಎಂಬ ಪ್ರಶ್ನೆ ತೀರ್ಮಾನವಾಗದೆ ಉಳಿಯಿತು. ಈ ಉಲ್ಲೇಖ ವೇತನವೂ ನಡೆಯುವುದು ವಲಸೆ ಅನುಮತಿಯ ಹಂತದಲ್ಲಿ ಮಾತ್ರ. ಕುವೈತ್‌ನಲ್ಲಿ ಇಳಿದ ಮೇಲೆ ಅಲ್ಲಿನ ಕಾನೂನಿನದೇ ಮಾತು.